ಚುಕ್ಕಿಯ ಪುನರ್ವಿನ್ಯಾಸ

ಅಮೆರಿಕದ ಎಡಿಸನ್ ಎಂಬ ಊರಿನ ಕರುಣಾಕರ ಯಾರಿಗೂ ಎದುರು ಮಾತಾಡಿದವನಲ್ಲ. ಜರ್ಸಿ ಸಿಟಿಯ ಆಫೀಸಿನಲ್ಲಿ ಮ್ಯಾನೇಜರು ಇವನ ಐಡಿಯಾವನ್ನೇ ತನ್ನದೆಂದು ಮೀಟಿಂಗಿನಲ್ಲಿ ಬಡಾಯಿ ಕೊಚ್ಚಿಕೊಂಡಾಗ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಿದ್ದವನು ಇವನೇ. ಮನೆಯಲ್ಲಿ ಹೀಟಿಂಗ್ ಎಷ್ಟಕ್ಕಿರಬೇಕೆಂದು ನಿರ್ಧರಿಸುತ್ತಿದ್ದವಳು ಹೆಂಡತಿ ಸರೋಜಿನಿ. ಕಾರಿನಲ್ಲಿ ಯಾವ ಹಾಡು ಹಾಕಬೇಕೆಂದು ನಿರ್ಧರಿಸುತ್ತಿದ್ದವಳು ಮಗಳು ಶ್ರಿಯಾ. ಆದರೆ ಈ ಭೂಮಂಡಲದ ಮೇಲೆ ಒಂದೇ ಒಂದು ಜಾಗದಲ್ಲಿ ಕರುಣಾಕರನ ಮಾತೇ ಕೊನೆಯ ಮಾತಾಗಿತ್ತು. ಅದು ನೇಮ್‌ಬಾಸ್ಕೆಟ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರಿನ ಬದಲಾವಣೆ ಪಟ್ಟಿ.

ಓಪನ್ ಸೋರ್ಸ್ ಎಂದರೆ ಯಾರು ಬೇಕಾದರೂ ಬಂದು ದುಡಿಯಬಹುದಾದ, ಯಾರೂ ಸಂಬಳ ಕೊಡದ, ಎಲ್ಲರೂ ಧಾರಾಳವಾಗಿ ತಪ್ಪು ಹುಡುಕಬಹುದಾದ ಒಂದು ಸೇವೆ. ನೇಮ್‌ಬಾಸ್ಕೆಟ್ ಮಾಡುತ್ತಿದ್ದುದು ಇಷ್ಟೇ: ಯಾವ ದೇಶದ ಮನುಷ್ಯನ ಹೆಸರು ಕೊಟ್ಟರೂ ಅದರಲ್ಲಿ ಊರು ಯಾವುದು, ಅಪ್ಪನ ಹೆಸರು ಯಾವುದು, ಅವನನ್ನು ಏನೆಂದು ಕರೆಯಬೇಕು ಎಂದು ಬಿಡಿಸಿ ಹೇಳುವುದು. ಆಸ್ಪತ್ರೆ, ಬ್ಯಾಂಕು, ಏರ್‌ಲೈನ್ಸುಗಳೆಲ್ಲ ಇದನ್ನು ಪುಕ್ಕಟೆಯಾಗಿ ಬಳಸುತ್ತಿದ್ದವು. ಫಿನ್ಲೆಂಡಿನ ಹುಡುಗನೊಬ್ಬ ಶುರುಮಾಡಿದ್ದ.

ಅದಕ್ಕೆ ಕರುಣಾಕರ ಕೈಹಾಕಿದ್ದು ಪರೋಪಕಾರಕ್ಕಲ್ಲ, ಸಿಟ್ಟಿಗೆ. ಪಾಸ್‌ಪೋರ್ಟಿನಲ್ಲಿ ಇವನ ಹೆಸರು ಬೈಂದೂರು ನಾರಾಯಣ ಕರುಣಾಕರ. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಅಮೆರಿಕದ ಕಂಪ್ಯೂಟರುಗಳಿಗೆ ಮೊದಲು ಬಂದದ್ದೇ ಕರೆಯುವ ಹೆಸರು. ಹಲ್ಲಿನ ಡಾಕ್ಟರ ಬಳಿ ಹೋದರೆ ರಿಸೆಪ್ಷನಿನ ಹುಡುಗಿ ಹಲ್ಲು ಕಿರಿದು, "ಹಾಯ್ ಬೈಂದೂರ್!" ಎಂದು ಕೂಗುತ್ತಿದ್ದಳು, ಇಡೀ ಊರಿಗೇ ಹಲ್ಲುನೋವು ಬಂದ ಹಾಗೆ. ಇದೇ ಸಿಟ್ಟಿನಲ್ಲಿ ಅವನು ಒಂದು ಇಡೀ ಚಳಿಗಾಲ ರೈಲಿನಲ್ಲಿ ಕೂತು, ದಕ್ಷಿಣ ಭಾರತದ ಹೆಸರುಗಳನ್ನು ಬಿಡಿಸುವ ಭಾಗವನ್ನು ಬರೆದು ಫಿನ್ಲೆಂಡಿಗೆ ಇಮೇಲ್ ಮಾಡಿದ. ಹುಡುಗ ಅದನ್ನು ಸೇರಿಸಿಕೊಂಡು, ಬದಲಾವಣೆ ಪಟ್ಟಿಯನ್ನು ಇನ್ನು ನೀನೇ ಬರೆ ಎಂದ. ಆಮೇಲೆ ಅವನಿಗೊಂದು ಮಗು ಹುಟ್ಟಿತು, ನೇಮ್‌ಬಾಸ್ಕೆಟ್ಟಿನ ಬೀಗದ ಕೈಯನ್ನು ಕರುಣಾಕರನಿಗೆ ಕೊಟ್ಟು ಕೈತೊಳೆದುಕೊಂಡ. ಮುಂದೆ ಎಲ್ಲವನ್ನೂ ಹೊಸ ತಾಣಕ್ಕೆ ಸಾಗಿಸುವಾಗ ಯಾವ ಸಾಲನ್ನು ಯಾರು ಬರೆದರೆಂಬ ಹಳೆಯ ಗುರುತುಗಳೆಲ್ಲ ದಾರಿಯಲ್ಲೇ ಉದುರಿಹೋದವು. ಇವನ ಹಳೆಯ ಇಮೇಲ್ ಖಾತೆಯೂ ಅದನ್ನು ನಡೆಸುತ್ತಿದ್ದ ಕಂಪನಿಯ ಜೊತೆಗೇ ಮುಳುಗಿತು. ಉಳಿದದ್ದು ಬದಲಾವಣೆ ಪಟ್ಟಿ ಒಂದೇ.

ಆ ಪಟ್ಟಿಯ ಮುಂದೆ ಕೂತಾಗ ಕರುಣಾಕರನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹೊಸ ಆವೃತ್ತಿ ಹೊರಬಿದ್ದಾಗಲೆಲ್ಲ ಏನು ಸೇರಿತು, ಏನು ಹೋಯಿತು, ಏನು ಸರಿಯಾಯಿತು, ಮಾಡಿದವರು ಯಾರು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಬೇರೆ ಪ್ರಾಜೆಕ್ಟುಗಳವರು "ಹಲವು ಸಣ್ಣಪುಟ್ಟ ಸುಧಾರಣೆಗಳು" ಎಂದು ಗೀಚಿ ಮಲಗುತ್ತಾರೆ. ಆ ಮಾತು ಕೇಳಿದರೇ ಇವನಿಗೆ ಮೈ ಉರಿಯುತ್ತಿತ್ತು. ಅವನದೇ ಎರಡು ಕಟ್ಟುನಿಟ್ಟುಗಳಿದ್ದವು. ಒಂದು, ಒಮ್ಮೆ ಹೊರಬಿದ್ದ ಪಟ್ಟಿಯನ್ನು ಯಾರೂ, ಯಾವ ಕಾರಣಕ್ಕೂ ತಿದ್ದುವಂತಿಲ್ಲ. ಬ್ರೆಜಿಲಿನ ಒಬ್ಬಳು ಮದುವೆಯಾಗಿ ಹೆಸರು ಬದಲಾಯಿತು, ಹಳೆಯದನ್ನು ತಿದ್ದಿಕೊಡಿ ಎಂದು ಕೇಳಿದಾಗ ಇತಿಹಾಸದ ಪಾವಿತ್ರ್ಯದ ಬಗ್ಗೆ ಅವಳಿಗೆ ಪುಟಗಟ್ಟಲೆ ಉಪದೇಶ ಮಾಡಿದ್ದ. ಹೆಸರನ್ನೇ ಕಸುಬು ಮಾಡಿಕೊಂಡ ಸಾಫ್ಟ್‌ವೇರು ಹೆಣ್ಣುಮಗಳ ಹೊಸ ಹೆಸರನ್ನು ಒಪ್ಪಲಿಲ್ಲ. ಇನ್ನೊಂದು, ಪಟ್ಟಿ ಬರೆಯುವವನು ತನ್ನ ಹೆಸರನ್ನು ಅದರಲ್ಲಿ ಬರೆದುಕೊಳ್ಳುವಂತಿಲ್ಲ.

ಈ ಎರಡನೆಯದು ಅವನ ಊರಿನ ಊಟದ ಪಂಕ್ತಿಯಿಂದ ಬಂದದ್ದು. ಅಲ್ಲಿ ಬಡಿಸಲು ಸೊಂಟಕ್ಕೆ ಬಟ್ಟೆ ಬಿಗಿದವನು ಎಲ್ಲರೂ ಕೈತೊಳೆದ ಮೇಲೆಯೇ ಎಲೆಯ ಮುಂದೆ ಕೂರುವುದು. ತಾನು ಅಷ್ಟು ನಿಸ್ವಾರ್ಥಿ ಎಂದು ಕರುಣಾಕರನಿಗೆ ಒಳಗೊಳಗೇ ಹೆಮ್ಮೆ. ಹೆಸರಿಲ್ಲದವನು ಎಂಬ ಹೆಸರು ಬರಲಿ ಎಂದು ಅವನು ಕಾಯುತ್ತಿದ್ದ ಎಂದರೆ ಸರಿಯಾದೀತು. ಹಾಗಾಗಿ ಒಂದು ಚಳಿಗಾಲವಿಡೀ ದುಡಿದ ಆ ಕೆಲಸದ ಎದುರು ಪಟ್ಟಿಯಲ್ಲಿ ಯಾರ ಹೆಸರೂ ಇರಲಿಲ್ಲ.

"ಊರವರ ಹೆಸರೆಲ್ಲ ಬರೀತೀರಿ," ಎನ್ನುತ್ತಿದ್ದಳು ಸರೋಜಿನಿ. "ಹಾಲು ಖಾಲಿಯಾಗಿದೆ ಅಂತ ಎಲ್ಲಿ ಬರೀತೀರಿ ಮಾರಾಯ್ರೆ?"

ಅವಳಿಗೆ ಹಾಲಿಗಿಂತ ದೊಡ್ಡ ಚಿಂತೆಯಿತ್ತು. ಶ್ರಿಯಾಳನ್ನು ಇವರು ಅಮೆರಿಕಕ್ಕೆ ಕರೆತಂದಾಗ ಅವಳಿನ್ನೂ ಡೈಪರಿನಲ್ಲಿದ್ದಳು. ಈಗ ಪಕ್ಕದ ಊರು ಪಿಸ್ಕಾಟವೇಯಲ್ಲಿ ಕಾಲೇಜು ಓದುತ್ತಿದ್ದಳು. ಇಪ್ಪತ್ತೊಂದು ತುಂಬುವವರೆಗೆ ಅವಳು ಅಪ್ಪನ ವೀಸಾದ ನೆರಳಿನಲ್ಲಿ ಇರಬಹುದು. ಅಷ್ಟರೊಳಗೆ ಅಪ್ಪನಿಗೆ ಗ್ರೀನ್ ಕಾರ್ಡ್ ಬಂದರೆ ಅವಳಿಗೂ ಬಂತು. ಬರಲಿಲ್ಲವೋ, ಬೆಳೆದ ಊರಿನಲ್ಲೇ ಅವಳು ಪರದೇಶಿ. ಕರುಣಾಕರ ಕ್ಯೂನಲ್ಲಿ ನಿಂತು ಕೂದಲು ಉದುರಿ ಬೋಳಾಗಿದ್ದ, ಕ್ಯೂ ಮಾತ್ರ ಕದಲಿರಲಿಲ್ಲ. ಶ್ರಿಯಾಳಿಗೆ ಇಪ್ಪತ್ತೊಂದು ತುಂಬಲು ಇನ್ನು ಎರಡು ವರ್ಷವಿತ್ತು. ಆಗ ಇವರ ಬಾಳಿನಲ್ಲಿ ಪ್ರಭಾಕರ ಬಿಸಿಬೇಳೆಬಾತಿನ ಪಾತ್ರೆಯೊಂದಿಗೆ ಪ್ರವೇಶಿಸಿದ.

ಪ್ರಭಾಕರ ಮೈಸೂರಿನವನು, ಪಿಸ್ಕಾಟವೇಯ ಟೆಲಿಕಾಂ ಕಂಪನಿಯೊಂದರಲ್ಲಿ ಡೈರೆಕ್ಟರು. ಯಾವುದರ ಡೈರೆಕ್ಟರು ಎಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಅವನೂ ಅದೇ ಕ್ಯೂನಲ್ಲಿದ್ದ, ಆದರೆ ನಿಲ್ಲುವ ಜಾತಿಯವನಲ್ಲ. "ಅಸಾಧಾರಣ ಪ್ರತಿಭೆ" ಉಳ್ಳವರಿಗೆಂದೇ ಅಮೆರಿಕ ಸರ್ಕಾರ ಬೇರೊಂದು ಸಣ್ಣ ಕ್ಯೂ ಇಟ್ಟಿದೆ, ಹಳೆಯ ಕ್ಯೂನ ಟೋಕನ್ನನ್ನು ಹಿಡಿದುಕೊಂಡೇ ಅದಕ್ಕೆ ಹಾರಬಹುದು. ಎಡಿಸನ್ ಸುತ್ತಮುತ್ತ ಆ ವರ್ಷಗಳಲ್ಲಿ ಅಸಾಧಾರಣ ಪ್ರತಿಭೆ ಸಾಂಕ್ರಾಮಿಕದಂತೆ ಹಬ್ಬುತ್ತಿತ್ತು. ಪ್ರಭಾಕರ ಆಗಲೇ ಮಕ್ಕಳ ವಿಜ್ಞಾನ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿ, ಆನ್‌ಲೈನಿನಲ್ಲಿ ಫೀಸು ಕಟ್ಟಿ ಒಂದು ಜಾಗತಿಕ ಪ್ರಶಸ್ತಿಯನ್ನೂ ಗೆದ್ದಿದ್ದ. ಓಪನ್ ಸೋರ್ಸ್ ಒಂದು ಬಾಕಿಯಿತ್ತು.

ಅವನು ನೇಮ್‌ಬಾಸ್ಕೆಟ್ಟಿಗೆ ಮಾಡಿದ ಸೇವೆ ಇಷ್ಟು. ಇನಿಶಿಯಲ್ ಆದಮೇಲೆ ಚುಕ್ಕಿ ಇಟ್ಟು ಜಾಗ ಬಿಡದೆ ಬರೆದರೆ ಸಾಫ್ಟ್‌ವೇರು ತಡವರಿಸುತ್ತಿತ್ತು. ಇವನು ಕರುಣಾಕರ ಬರೆದಿದ್ದ ಕೋಡಿನ ಒಂದು ಸಾಲಿಗೆ ಆ ಚುಕ್ಕಿಯೊಂದನ್ನು ಸೇರಿಸಿದ. ಕರುಣಾಕರ ಪಟ್ಟಿಯಲ್ಲಿ "ಇನಿಶಿಯಲ್ ನಂತರದ ಚುಕ್ಕಿಯನ್ನು ಗುರುತಿಸುತ್ತದೆ – ಪ್ರಭಾಕರ" ಎಂದು ಬರೆಯಲು ಸಿದ್ಧನಾಗಿದ್ದ.

ಶನಿವಾರ ಪ್ರಭಾಕರನ ಮನೆಯಲ್ಲಿ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಎಲ್ಲರೂ ಹಂಚಿಕೊಂಡು ಉಣ್ಣುವ ಕೂಟ. ತಟ್ಟೆ ಹಿಡಿದು ಮೂಲೆ ಹುಡುಕುತ್ತಿದ್ದ ಕರುಣಾಕರನ ಹೆಗಲಿಗೆ ಕೈಹಾಕಿ ಪ್ರಭಾಕರ ಅವನನ್ನು ನಡುಮನೆಗೆ ತಂದು ನಿಲ್ಲಿಸಿದ.

"ಫ್ರೆಂಡ್ಸ್, ಇವರು ಯಾರು ಗೊತ್ತಾ? ಇಡೀ ಪ್ರಪಂಚದ ಆಸ್ಪತ್ರೆ, ಏರ್‌ಪೋರ್ಟು ಎಲ್ಲಾ ಇವರ ಮೇಲೆ ನಡೀತಿದೆ. ಇವರು ಬರೆದಿದ್ದೇ ರೆಕಾರ್ಡು. ನಮ್ಮ ಸಾಫ್ಟ್‌ವೇರ್ ಇತಿಹಾಸಕಾರರು!"

ಚಪ್ಪಾಳೆ ಬಿತ್ತು. ಕರುಣಾಕರನಿಗೆ ಜೀವಮಾನದಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಉಬ್ಬಿಹೋದ. ಕೋಸಂಬರಿ ಗಂಟಲಲ್ಲಿ ಸಿಕ್ಕಿಕೊಂಡಿತು.

ಜನ ಚದುರಿದ ಮೇಲೆ ಪ್ರಭಾಕರ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಸುರಿದ. "ಸಾರ್, ಚುಕ್ಕಿ ಅಂತ ಬರೆದ್ರೆ ಇಮಿಗ್ರೇಶನ್ ಆಫೀಸರ್‌ಗೆ ಅರ್ಥ ಆಗಲ್ಲ. ಅದರ ಇಂಪ್ಯಾಕ್ಟ್ ಬರೀಬೇಕು. ನೀವು ಸುಳ್ಳು ಬರೀರಿ ಅಂತ ನಾನು ಹೇಳ್ತೀನಾ? ಲೆವೆಲ್ ಸ್ವಲ್ಪ ಮೇಲಿಂದ ನೋಡಿ ಅಷ್ಟೆ."

ಸೋಮವಾರದ ರೈಲಿನಲ್ಲಿ ಮೆಟ್ರೋಪಾರ್ಕ್‌ನಿಂದ ನ್ಯೂಅರ್ಕ್ ಬರುವಷ್ಟರಲ್ಲಿ ಕರುಣಾಕರ ಲೆವೆಲ್ ಮೇಲಿಂದ ನೋಡಿದ್ದ. ಪಟ್ಟಿಯಲ್ಲಿ ಹೊಸ ಸಾಲು ಹೀಗಿತ್ತು: "ದಕ್ಷಿಣ ಏಷ್ಯಾದ ಹೆಸರುಗಳನ್ನು ಬಿಡಿಸುವ ಕೇಂದ್ರ ವ್ಯವಸ್ಥೆಯ ಸಮಗ್ರ ಪುನರ್ವಿನ್ಯಾಸ – ಪ್ರಭಾಕರ." ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಸಾಲು ಬಹಳ ಚೆನ್ನಾಗಿ ಬಂದಿದೆ ಎಂದೂ ಅನಿಸಿತು. ಬರೆಯುವವರ ಕಥೆಯೇ ಇಷ್ಟು, ವಾಕ್ಯ ಚೆನ್ನಾದರೆ ಪಾಪ ಅರ್ಧ ಕಳೆದಂತೆ.

ಆಮೇಲೆ ಕರುಣಾಕರನ ಶನಿವಾರಗಳು ಅವನ ಕೈಯಲ್ಲಿ ಉಳಿಯಲಿಲ್ಲ. ಎಡಿಸನ್, ಪಿಸ್ಕಾಟವೇ, ಜರ್ಸಿ ಸಿಟಿಯ ಕನ್ನಡಿಗರು ನೇಮ್‌ಬಾಸ್ಕೆಟ್ಟಿನ ಮೇಲೆ ಮುಗಿಬಿದ್ದರು. ಒಬ್ಬ ಕಾಗುಣಿತ ತಿದ್ದಿದ, ಪಟ್ಟಿಯಲ್ಲಿ ಅದು "ದಾಖಲಾತಿಯ ಗುಣಮಟ್ಟದಲ್ಲಿ ಕ್ರಾಂತಿ" ಆಯಿತು. ಒಬ್ಬಳು ಖಾಲಿ ಸಾಲೊಂದನ್ನು ಅಳಿಸಿದಳು, ಅದು "ಕಾರ್ಯಕ್ಷಮತೆಯ ವರ್ಧನೆ" ಆಯಿತು. ಸರೋಜಿನಿಯ ಫ್ರಿಜ್ಜಿನಲ್ಲಿ ಹೋಳಿಗೆ, ಕೋಡುಬಳೆ, ನೀರುದೋಸೆಗಳು ಜಾಗವಿಲ್ಲದೆ ಒಂದರ ಮೇಲೊಂದು ಕೂತವು. ಪ್ರಭಾಕರನಿಗೆ "ಮುಂದಾಳತ್ವ"ದ ಪುರಾವೆಯೂ ಬೇಕೆಂದಾಗ ಕರುಣಾಕರ ಅವನನ್ನು ಸಹ-ಮೇಲ್ವಿಚಾರಕನನ್ನಾಗಿಯೇ ಮಾಡಿಬಿಟ್ಟ. ಇನ್ನು ಮುಂದೆ ಯಾವ ಬದಲಾವಣೆಗೂ ಇಬ್ಬರ ಒಪ್ಪಿಗೆ ಬೇಕು ಎಂದು ನಿಯಮವನ್ನೂ ತಾನೇ ಬರೆದ.

"ನಿಮಗೂ ಹೀಗೇ ಏನಾದರೂ ಮಾಡಿಕೊಳ್ಳಬಾರದಾ?" ಎಂದು ಸರೋಜಿನಿ ಹೋಳಿಗೆ ಬಿಸಿಮಾಡುತ್ತ ಕೇಳಿದಳು. "ಹೆಣ್ಣಿಗೆ ಇಪ್ಪತ್ತೊಂದು ತುಂಬ್ತಾ ಬಂತು."

"ನನ್ನ ಕೆಲಸವೇ ಮಾತಾಡ್ತದೆ," ಎಂದ ಕರುಣಾಕರ. ಕೆಲಸಕ್ಕೆ ಬಾಯಿಯಿಲ್ಲ ಎಂಬುದು ಅವನಿಗೆ ಹೊಳೆದದ್ದು ಪ್ರಭಾಕರನ ಗ್ರೀನ್ ಕಾರ್ಡ್ ಪಾರ್ಟಿಯಲ್ಲಿ.

ಪಾರ್ಟಿ ಜೋರಾಗಿತ್ತು. ಕೇಕಿನ ಮೇಲೆ ಹಸಿರು ಐಸಿಂಗು. ಪ್ರಭಾಕರ ಮೈಕು ಹಿಡಿದು ತನ್ನ ಪ್ರತಿಭೆಗೆ, ತಂದೆತಾಯಿಗೆ, ಲಾಯರಿಗೆ ಧನ್ಯವಾದ ಹೇಳಿದ. ಕರುಣಾಕರನ ಹೆಸರು ಬರಲಿಲ್ಲ. ಮೊದಲ ಸಲ ಅವನಿಗೆ ನಿಸ್ವಾರ್ಥದಲ್ಲಿ ಸುಖ ಸಿಗಲಿಲ್ಲ. ಎದುರಿಗೆ ಶ್ರಿಯಾ ಪ್ರಭಾಕರನ ಮಗಳ ಜೊತೆ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಆ ಹುಡುಗಿಗೂ ಅಪ್ಪನ ಜೊತೆಗೇ ಗ್ರೀನ್ ಕಾರ್ಡ್ ಬಂದಿತ್ತು.

ಮುಂದಿನ ವಾರವೇ ಅವನು ಅದೇ ಲಾಯರಿನ ಬಳಿ ಹೋದ. ಓಕ್ ಟ್ರೀ ರೋಡಿನಲ್ಲಿ ಮಿಠಾಯಿ ಅಂಗಡಿಯ ಮೇಲಿನ ಮಹಡಿ. ಲಾಯರಮ್ಮ ಬಲು ಚುರುಕು. ಬದಲಾವಣೆ ಪಟ್ಟಿಯನ್ನು ಆಕೆ ಪ್ರಭಾಕರನ ಕಾಲದಿಂದಲೇ ಬಲ್ಲವಳು, ಬಾಯಿಪಾಠ ಎಂದರೂ ನಡೆದೀತು. ಕರುಣಾಕರ ಆ ಚಳಿಗಾಲದ ಕಥೆಯನ್ನೆಲ್ಲ ಹೇಳಿದ. ಆಕೆ ಪಟ್ಟಿಯನ್ನು ಮೇಲಿಂದ ಕೆಳಗೆ ಉರುಳಿಸಿ ನೋಡಿ, ಇದರಲ್ಲಿ ನಿನ್ನ ಹೆಸರೆಲ್ಲಿದೆ ಎಂದು ಕೇಳಿದಳು.

"ಬರೆಯುವವನು ಹಾಕಿಕೊಳ್ಳೋದಿಲ್ಲ," ಎಂದ ಕರುಣಾಕರ.

ಯಾಕೆ ಎಂದಳು. ಪಂಕ್ತಿಯಲ್ಲಿ ಬಡಿಸುವವನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟು ಅವನಿಗೇ ನಾಚಿಕೆಯಾಯಿತು. ಲಾಯರಮ್ಮ ನಿಟ್ಟುಸಿರುಬಿಟ್ಟು, ಪಟ್ಟಿಯ ಹಳೆಯ ಸಾಲಿಗೆ ಹೆಸರು ಸೇರಿಸು, ಇಲ್ಲವೇ ಆ ಕೆಲಸ ನಿನ್ನದೆಂದು ಸಹ-ಮೇಲ್ವಿಚಾರಕನಿಂದ ಒಂದು ಪತ್ರ ತಾ ಎಂದಳು.

ಫಿನ್ಲೆಂಡಿಗೆ ಬರೆದ ಇಮೇಲ್ ವಿಳಾಸ ಸಿಗದೆ ವಾಪಸ್ಸು ಬಂತು. ಕರುಣಾಕರ ಹಳೆಯ ಸಾಲಿನ ಮುಂದೆ ತನ್ನ ಹೆಸರು ಸೇರಿಸಿ, ಒಪ್ಪಿಗೆಗಾಗಿ ಪ್ರಭಾಕರನಿಗೆ ಕಳಿಸಿದ. ಊಟ ಮುಗಿಯುವಷ್ಟರಲ್ಲಿ ಎಲ್ಲರಿಗೂ ಕಾಣುವಂತೆ ಉತ್ತರ ಬಂದಿತ್ತು: "ಹೊರಬಿದ್ದ ಪಟ್ಟಿಯನ್ನು ಯಾವ ಕಾರಣಕ್ಕೂ ತಿದ್ದುವಂತಿಲ್ಲ ಎಂಬುದು ನಮ್ಮ ನಿಯಮ. ದಯವಿಟ್ಟು ಗಮನಿಸಿ." ಕೆಳಗೆ ಬ್ರೆಜಿಲಿನಿಂದ ಯಾರೋ ಹೆಬ್ಬೆರಳೆತ್ತಿದ್ದರು.

ಕರುಣಾಕರನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕಾರು ಹತ್ತಿ ಪಿಸ್ಕಾಟವೇಗೆ ಹೋದ. ಪ್ರಭಾಕರ ಬಾಗಿಲಲ್ಲೇ ತಬ್ಬಿಕೊಂಡು, ಕೂರಿಸಿ, ಕಾಫಿ ಕೊಟ್ಟ.

"ಸಾರ್, ನನಗೇನು ಬೇಜಾರಿಲ್ಲ. ಆದ್ರೆ ರೂಲ್ ನಿಮ್ಮದೇ ಅಲ್ವಾ?"

"ರೂಲ್ ಬಿಡಿ. ಪತ್ರ ಕೊಡಿ. ಆ ಭಾಗ ಬರೆದದ್ದು ನಾನು ಅಂತ ನಿಮಗೆ ಗೊತ್ತುಂಟಲ್ಲ."

ಪ್ರಭಾಕರ ಕಾಫಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಲಕಿದ. "ನೀವು ಬರೆದಿದ್ದು ಅಂದ್ರೆ ನಾನು ಏನು ರೀಡಿಸೈನ್ ಮಾಡ್ದೆ ಅಂತ ಪ್ರಶ್ನೆ ಬರುತ್ತೆ ಸಾರ್. ನನ್ನ ಫೈಲು ಆಗಲೇ ಸರ್ಕಾರದ ಹತ್ರ ಇದೆ. ಸುಮ್ನೆ ಯಾಕೆ? ಮಕ್ಕಳಿರೋ ಮನೆ." ಮಕ್ಕಳಿರುವ ಮನೆ ಎಂದರೆ ತನ್ನದೊಂದೇ ಎಂಬ ಧಾಟಿಯಲ್ಲಿ ಹೇಳಿ, ಹೊರಡುವಾಗ ಒಂದು ಡಬ್ಬಿ ಮೈಸೂರುಪಾಕು ಕೈಗಿಟ್ಟ. ಕರುಣಾಕರ ಅದನ್ನೂ ಬೇಡವೆನ್ನಲಿಲ್ಲ. ದಾರಿಯಲ್ಲಿ, ಕೆಂಪು ದೀಪಕ್ಕೆ ನಿಂತಾಗ, ಎಂದೂ ಬಾಯಲ್ಲಿ ಬಾರದ ಬೈಗುಳಗಳನ್ನೆಲ್ಲ ಗಾಜಿಗೆ ಬೈದ.

ಆ ಸಿಟ್ಟಿನಲ್ಲೇ ಮನೆಗೆ ಬಂದು ಒಂದು ಹೊಸ ನಮೂದು ಬರೆದ. ಹಳೆಯದನ್ನು ತಿದ್ದುವುದು ಬೇಡ, ತಪ್ಪೊಪ್ಪಿಗೆಯನ್ನೇ ಹೊಸ ಆವೃತ್ತಿಯಲ್ಲಿ ಸೇರಿಸಿದರಾಯಿತು. "ದಕ್ಷಿಣ ಭಾರತದ ಹೆಸರುಗಳ ಭಾಗ ಬರೆದವನು ಕರುಣಾಕರ. ಪ್ರಭಾಕರ ಸೇರಿಸಿದ್ದು ಒಂದು ಚುಕ್ಕಿ. ಕ್ರಾಂತಿ ಎಂದದ್ದು ಕಾಗುಣಿತ, ವರ್ಧನೆ ಎಂದದ್ದು ಖಾಲಿ ಸಾಲು." ಅವನ ಜೀವನದಲ್ಲೇ ಅಷ್ಟು ನೇರವಾಗಿ ಬರೆದಿರಲಿಲ್ಲ. ಇದಕ್ಕೆ ಪ್ರಭಾಕರನ ಒಪ್ಪಿಗೆ ಸಿಗುವುದಿಲ್ಲವೆಂದು ಗೊತ್ತಿತ್ತು. ಬೀಗದ ಕೈ ತನ್ನ ಬಳಿಯಿದೆ, ನಿಯಮ ಮುರಿದಾದರೂ ಹೊರಬಿಡುತ್ತೇನೆ ಎಂದುಕೊಂಡು, ಅದಕ್ಕೂ ಮೊದಲು ಲಾಯರಮ್ಮನಿಗೆ ತೋರಿಸಲು ಒಯ್ದ.

ಆಕೆ ಓದಿದಳು. ಕನ್ನಡಕ ತೆಗೆದಳು. ಆಮೇಲೆ ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿದಳು. ಹಳೆಯ ಪಟ್ಟಿ ನಿಜವಾದರೆ ಆ ವ್ಯವಸ್ಥೆಯನ್ನು ಕಟ್ಟಿದವನು ಪ್ರಭಾಕರ, ನೀನಲ್ಲ. ಹಳೆಯ ಪಟ್ಟಿ ಸುಳ್ಳಾದರೆ, ಅದನ್ನು ಬರೆದ ಸುಳ್ಳುಗಾರ ನೀನು. ಆ ಸುಳ್ಳುಗಾರನ ಇನ್ನೊಂದು ಸಾಲನ್ನು ಅವನದೇ ಲಾಭಕ್ಕಾಗಿ ಆಫೀಸರು ಯಾಕೆ ನಂಬಬೇಕು? ನೀನು ಹೇಳು, ಯಾವುದನ್ನು ಕಳಿಸಲಿ?

ಕರುಣಾಕರ ತನ್ನ ನಮೂದಿನ ಹಾಳೆಯನ್ನು ವಾಪಸ್ಸು ತೆಗೆದುಕೊಂಡು ಮಡಚಿ ಜೇಬಿಗಿಟ್ಟ. ಕೆಳಗಿನ ಅಂಗಡಿಯಿಂದ ಜಿಲೇಬಿ ಕರಿಯುವ ವಾಸನೆ ಬರುತ್ತಿತ್ತು. ಮೆಟ್ಟಿಲಿಳಿದು, ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ.

ಸರೋಜಿನಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಫ್ರಿಜ್ಜಿನಲ್ಲಿದ್ದ ಊರವರ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಹೊರತೆಗೆದು, ಕಸಕ್ಕೆ ಸುರಿದು, ತೊಳೆದು ಮಗುಚಿಟ್ಟಳು. "ಇಷ್ಟಕ್ಕೆ ಮಾರಿದಿರಲ್ಲ," ಎಂದಳು. ಅಷ್ಟೆ. ತಪ್ಪೊಪ್ಪಿಗೆಯ ನಮೂದನ್ನು ಕರುಣಾಕರ ಹೊರಬಿಡಲಿಲ್ಲ. ಇನ್ನು ಅದರಿಂದ ಯಾರಿಗೂ ಲಾಭವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೆದರಿಕೆಗೆ ಅವನು ಕೊಟ್ಟುಕೊಂಡ ಹೆಸರು ಅದು. ಮೇಲ್ವಿಚಾರಣೆಯನ್ನು ಪ್ರಭಾಕರನಿಗೇ ಬಿಟ್ಟು ಹೊರಬಂದ. ಪ್ರಭಾಕರ ಬರೆದ ಮೊದಲ ಪಟ್ಟಿಯಲ್ಲಿ ಒಂದೇ ಸಾಲಿತ್ತು: "ಹಲವು ಸಣ್ಣಪುಟ್ಟ ಸುಧಾರಣೆಗಳು." ಕರುಣಾಕರನ ನಿರ್ಗಮನವೂ ಅದರೊಳಗೇ ಸೇರಿತ್ತು.

ಶ್ರಿಯಾಳ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಕೆಲವೇ ವಾರಗಳಿದ್ದವು. ಲಾಯರಮ್ಮ ಹೇಳಿದಂತೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಲೇಬೇಕಿತ್ತು. ಭಾನುವಾರ ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಯ ಮೇಜಿಗೆ ಬಂದಳು. ಅರ್ಜಿಯ ಜೊತೆ ಒಂದು ಹೇಳಿಕೆ ಬರೆಯಬೇಕು: ಭಾರತದಲ್ಲಿ ತನಗೊಂದು ಕಾಯಂ ಮನೆಯಿದೆ, ಓದು ಮುಗಿದೊಡನೆ ಅಲ್ಲಿಗೆ ಮರಳುತ್ತೇನೆ, ಇಲ್ಲಿ ನೆಲೆಸುವ ಉದ್ದೇಶವಿಲ್ಲ. ಬೈಂದೂರನ್ನು ಅವಳು ನೋಡಿದ್ದು ಎರಡು ಸಲ. ಅಲ್ಲಿನ ಮನೆಯ ಮುಂಭಾಗದಲ್ಲಿ ಈಗ ದೊಡ್ಡಪ್ಪನ ಮಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹಿಂಭಾಗ ಬಾಡಿಗೆಗಿದೆ.

"ಐ ಡೋಂಟ್ ನೋ ಹೌ ಟು ಸೇ ದಿಸ್," ಎಂದಳು ಶ್ರಿಯಾ. ಪರದೆಯನ್ನು ಅಪ್ಪನ ಕಡೆ ತಿರುಗಿಸಿದಳು. "ಯೂ ಡೂ ಇಟ್, ಅಪ್ಪಾ. ಯೂ ಆರ್ ಗುಡ್ ಅಟ್ ದಿಸ್. ಪ್ರಭಾಕರ್ ಅಂಕಲ್‌ಗೆ ಒಂದು ಡಾಟ್‌ನ ಇಂಜಿನ್ ಮಾಡಿಕೊಟ್ರಲ್ಲ. ಮೇಕ್ ಬೈಂದೂರ್ ಮೈ ಹೋಮ್."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅಪ್ಪನಿಗೆ ಬರುವ ವಿದ್ಯೆಯನ್ನು ಅಪ್ಪನ ಬಳಿ ಕೇಳುತ್ತಿದ್ದಳು, ಅಷ್ಟೆ. ಒಲೆಯ ಮುಂದಿದ್ದ ಸರೋಜಿನಿ ತಿರುಗಿ ನೋಡಲಿಲ್ಲ.

ಕರುಣಾಕರ ಕೀಬೋರ್ಡ್ ಹತ್ತಿರಕ್ಕೆಳೆದುಕೊಂಡ. ಬೈಂದೂರಿನ ಮನೆಯೊಂದಿಗೆ ನನಗೆ ಆಳವಾದ, ಎಂದೂ ಕಡಿಯದ ನಂಟಿದೆ ಎಂದು ಬರೆದ. ನನ್ನ ಬದುಕು ಅಲ್ಲಿ ನನಗಾಗಿ ಕಾಯುತ್ತಿದೆ ಎಂದು ಬರೆದ. ಬೆರಳು ಎಲ್ಲೂ ತಡವರಿಸಲಿಲ್ಲ. ಸಾಲುಗಳು ಎಂದಿನಂತೆ ಬಹಳ ಚೆನ್ನಾಗಿ ಬಂದವು. ಶ್ರಿಯಾ ಹೆಗಲ ಮೇಲಿಂದ ಬಗ್ಗಿ ಓದಿ, "ವಾವ್, ಸೌಂಡ್ಸ್ ಸೋ ರಿಯಲ್," ಎಂದು ಸಹಿ ಮಾಡಿದಳು.

ಅರ್ಜಿಯ ಕೊನೆಯಲ್ಲಿ, ಇದನ್ನು ಬೇರೆಯವರು ತಯಾರಿಸಿಕೊಟ್ಟಿದ್ದರೆ ಅವರು ತಮ್ಮ ಹೆಸರು ಬರೆಯಲೇಬೇಕು ಎಂದಿತ್ತು. ಊರಿಗೊಂದು, ಅಪ್ಪನಿಗೊಂದು, ತನಗೊಂದು ಎಂದು ಅಲ್ಲಿ ಬೇಕಾದಷ್ಟು ಜಾಗ ಬಿಟ್ಟಿದ್ದರು. ಕರುಣಾಕರ ಪೂರ್ತಿ ಹೆಸರು ಬರೆದ.